ಅಂಬಾಸಡರ್ ಮಾರ್ಕ್ 4, ಪ್ರಮಾಣ 1/24: ಬಿಳಿ ಬಣ್ಣ ಹಾಕುವ ಮುನ್ನ ನಿಮ್ಮ ಟೀಕೆ ಬೇಕು

ಸಣ್ಣಗಾಲಿ

ಹಿಂದೂಸ್ತಾನ್ ಅಂಬಾಸಡರ್ ಮಾರ್ಕ್ 4 ಕಾರಿನ 1/24 ಪ್ರಮಾಣದ ಮಾದರಿಯೊಂದನ್ನು ಕಟ್ಟುತ್ತಿದ್ದೇನೆ. ಅದೀಗ ಬೂದು ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚಿನ ತಳಲೇಪದ ಹಂತಕ್ಕೆ ಬಂದಿದೆ. ಜಪಾನಿನದೋ ಜರ್ಮನಿಯದೋ ಕಾರಾಗಿದ್ದರೆ ತಮಿಯಾ, ಹಸೆಗಾವ, ರೆವೆಲ್ ಕಂಪನಿಗಳ ಕಿಟ್ಟಿನ ಡಬ್ಬಿ ಬಿಚ್ಚಿ ಕೂರಬಹುದಿತ್ತು. ಅಂಬಾಸಡರಿನ ಅಂಥ ಕಿಟ್ ನನಗೆ ಸಿಗಲಿಲ್ಲವಾದ್ದರಿಂದ ಅಂತರ್ಜಾಲದಲ್ಲಿ ಒಂದು ಕಡತವನ್ನು ಕೊಂಡು, ಬಾಡಿಯನ್ನು ರೆಸಿನ್ ತ್ರೀಡಿ ಮುದ್ರಣದಲ್ಲಿ ಮಾಡಿಸಿಕೊಂಡೆ. ತಳಭಾಗವನ್ನು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ ನಾನೇ ಕತ್ತರಿಸಿ ಜೋಡಿಸಿದ್ದೇನೆ. ಟೈರುಗಳನ್ನೂ ರಿಮ್‌ಗಳನ್ನೂ 15 ಇಂಚಿನ ಚಕ್ರವಿರುವ ಒಂದು ಜಪಾನಿ 1/24 ಕಿಟ್ಟಿನಿಂದ ತೆಗೆದುಕೊಂಡಿದ್ದೇನೆ.

ನಾನು ತೋರಿಸಬೇಕೆಂದಿರುವುದು 1984ರ ಸುಮಾರಿನ, ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳಿಯ ಸರ್ಕಾರಿ ಕಾರನ್ನು. ಹಿಂದಿನ ಕಿಟಕಿಗೆ ಪರದೆ, ಹಿಂದಿನ ಸೀಟಿನ ಬೆನ್ನಿಗೆ ಬಿಳಿ ಟವೆಲು, ಕೆಎ 01 ಜಿ ಸರಣಿಯ ನಂಬರ್ ಪ್ಲೇಟು, ಇವೆಲ್ಲ ಇರುತ್ತವೆ. ಮುಂಭಾಗ, ಪಕ್ಕ, ಹಿಂಭಾಗ ಮತ್ತು ತಳದ ಚಿತ್ರಗಳನ್ನು ಹಾಕಿದ್ದೇನೆ. ಒಮ್ಮೆ ಬಿಳಿ ಬಣ್ಣ ಬಿದ್ದ ಮೇಲೆ ತಿದ್ದುವುದು ಕಷ್ಟವಾದ್ದರಿಂದ, ಈಗಲೇ ಏನು ಸರಿಪಡಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಹೊಸಕೈ

ತುಂಬಾ ಸೊಗಸಾಗಿದೆ. ಪ್ರೈಮರ್‌ನಲ್ಲೇ ಇಷ್ಟು ಚೆನ್ನಾಗಿ ಕಾಣುತ್ತಿದೆಯೆಂದರೆ ಬಣ್ಣ ಬಂದ ಮೇಲೆ ಹೇಗಿರಬಹುದೆಂದು ಊಹಿಸಿಕೊಳ್ಳುತ್ತಿದ್ದೇನೆ. ನಾನು ಈ ಹವ್ಯಾಸಕ್ಕೆ ಹೊಸಬ, ನನ್ನಲ್ಲಿ ಟೀಕೆಯೇನೂ ಇಲ್ಲ.

ಹಳೇಗ್ಯಾರೇಜು

ಈ ಕಾರಿನ ಕೆಳಗೆ ಮಲಗಿಯೇ ನನ್ನ ಆಯುಷ್ಯದ ಒಂದು ಪಾಲು ಕಳೆದಿದೆಯಾದ್ದರಿಂದ ಮೊದಲು ಸಂತೋಷದ ಮಾತು ಹೇಳುತ್ತೇನೆ. ಬಾನೆಟ್ಟಿನ ಉಬ್ಬು, ಮುಂಬಾಗಿಲಿನ ತ್ರಿಕೋನದ ಗಾಜು, ಡಿಕ್ಕಿಯ ಇಳಿಜಾರು ಇವೆಲ್ಲ ಹೌದೆನ್ನಿಸುವಂತೆ ಬಂದಿವೆ. ತಳದಲ್ಲಿ ಹಿಂದುಗಡೆ ಪಟ್ಟಿ ಸ್ಪ್ರಿಂಗ್‌ಗಳನ್ನೂ ಮುಂದೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉದ್ದುದ್ದ ಟಾರ್ಷನ್ ಬಾರ್‌ಗಳನ್ನೂ ಮಾಡಿದ್ದೀರಿ. ಕಾರನ್ನು ತಿರುಗಿಸಿ ನೋಡದವರಿಗೆ ಕಾಣದ ಕೆಲಸ ಅದು.

ಆದರೆ ಪಕ್ಕದಿಂದ ನೋಡಿದಾಗ ಏನೋ ಒಪ್ಪುವುದಿಲ್ಲ. ಚಕ್ರಗಳು ಮಡ್‌ಗಾರ್ಡಿನೊಳಗೆ ಬಿಗಿಯಾಗಿ ತುಂಬಿಕೊಂಡಂತೆ, ಕಾರು ಒಂದು ಕೂದಲೆಳೆ ಎತ್ತರದಲ್ಲಿ ನಿಂತಂತೆ ಕಾಣುತ್ತದೆ. ಟಾರ್ಷನ್ ಬಾರ್ ಬಿಗಿ ಮಾಡಿ ಮುಂಭಾಗವನ್ನು ಎತ್ತರಿಸಿದ ಕಾರುಗಳನ್ನು ನಾನು ನೋಡಿದ್ದೇನೆ, ಆದರೆ ಇದು ಹಾಗೂ ಅಲ್ಲ, ಹಿಂದೆಯೂ ಹಾಗೆಯೇ ಇದೆ. ಕಾರಣ ನನಗೆ ಹೊಳೆಯುತ್ತಿಲ್ಲ.

ಮೊಳೆಲೆಕ್ಕ

ನಾನು ನೇರವಾಗಿಯೇ ಹೇಳುತ್ತೇನೆ. 1984ರ ಕಾರಿಗೆ ಕೆಎ ನಂಬರ್ ಹೇಗೆ ಬಂತು? 1988ರ ಮೋಟಾರು ವಾಹನ ಕಾಯಿದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು, ರಾಜ್ಯಕ್ಕೆ ಕೆಎ ಅಕ್ಷರಗಳು ಸಿಕ್ಕಿದ್ದು ಆ ಹೊಸ ಪದ್ಧತಿಯಲ್ಲಿ. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಸಿಎ ಇಂದ ಆರಂಭವಾಗುವ ಮೂರಕ್ಷರದ ನಂಬರುಗಳಿದ್ದವು. ಗ್ರಿಲ್ಲಿನ ಸರಳುಗಳು ಜೈಲಿನ ಕಿಟಕಿಯಷ್ಟು ದಪ್ಪವಾಗಿವೆ. ಚಾವಣಿಯ ಮೇಲೆ ಮುದ್ರಣದ ಪದರಗಳು ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತಿವೆ. ಇಷ್ಟೆಲ್ಲ ಇಟ್ಟುಕೊಂಡು ಮೇಲೆ ಬಿಳಿ ಬಳಿದರೆ ಅದು ಅಂಬಾಸಡರ್ ಆಗುವುದಿಲ್ಲ, ಆಟಿಕೆಯಾಗುತ್ತದೆ.

ಪಾಲಿಶ್‌ಕಾಗದ

ಮೊಳೆಲೆಕ್ಕ ಅವರು ಎತ್ತಿದ ಮೂರು ಅಂಶಗಳೂ ಸರಿಯಾಗಿವೆ, ಕೊನೆಯ ವಾಕ್ಯವೊಂದು ಬೇಕಿರಲಿಲ್ಲ. ಸೌಜನ್ಯದ ಪ್ರಶ್ನೆಗಿಂತ ಹೆಚ್ಚಾಗಿ, ಆ ವಾಕ್ಯದಿಂದ ಕಟ್ಟುವವರು ಮಾಡಬಹುದಾದ ಕೆಲಸ ಏನೂ ಹುಟ್ಟುವುದಿಲ್ಲ ಎಂಬುದು ನನ್ನ ತಕರಾರು. ಹೊಸಕೈ ಅವರ ಮೆಚ್ಚುಗೆಗೂ ಇದೇ ಮಾತು ಅನ್ವಯಿಸುತ್ತದೆ. ಯಾವುದು ಸೊಗಸಾಗಿದೆಯೆಂದು ಹೆಸರಿಸಿದ್ದರೆ, ಆ ಭಾಗವನ್ನು ಇನ್ನು ಮುಟ್ಟಬೇಡವೆಂದಾದರೂ ಸಣ್ಣಗಾಲಿ ಅವರಿಗೆ ತಿಳಿಯುತ್ತಿತ್ತು. ಹಳೇಗ್ಯಾರೇಜು ಅವರು ಅದನ್ನು ಮಾಡಿದ್ದಾರೆ, ಕಾರಣ ಗೊತ್ತಿಲ್ಲವೆಂದು ಒಪ್ಪಿಕೊಂಡೂ ಎಲ್ಲಿ ಕಣ್ಣು ತಡೆಯುತ್ತದೆಂದು ಹೇಳಿದ್ದಾರೆ.

ಮಾದರಿಯನ್ನು ನೋಡಿ ಸಲಹೆ ಕೊಡುವಾಗ ನಾನು ಮೊದಲು ನೋಡುವುದು ಅದು ಯಾವ ಹಂತದಲ್ಲಿದೆ ಎಂಬುದನ್ನು. ಪ್ರೈಮರ್ ಹಂತದಲ್ಲಿ ಆಕಾರ, ಮೇಲ್ಮೈ, ಸಂದುಗಳ ಆಳ, ನಿಲುವು ಇವುಗಳ ಬಗ್ಗೆ ಹೇಳಿದ ಮಾತು ಬಂಗಾರ. ಅದೇ ಮಾತನ್ನು ಕೊನೆಯ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಒಣಗಿದ ಮೇಲೆ ಹೇಳಿದರೆ ಕೇಳಿದವರ ನಿದ್ದೆ ಕೆಡುವುದಷ್ಟೇ ಲಾಭ. ನಂಬರ್ ಪ್ಲೇಟು ಕೊನೆಯ ದಿನ ಅಂಟಿಸುವ ವಸ್ತುವಾದ್ದರಿಂದ ಅದು ಕಾಯಬಹುದು. ಚಾವಣಿಯ ಪದರಗಳು ಕಾಯಲಾರವು. ಮುದ್ರಣದ ಒಂದು ಪದರ ಸಾಮಾನ್ಯವಾಗಿ 0.05 ಮಿ.ಮೀ. ಇರುತ್ತದೆ, 1/24ರಲ್ಲಿ ಅದು ನಿಜ ಕಾರಿನ ಮೇಲೆ 1.2 ಮಿ.ಮೀ. ಎತ್ತರದ ಮೆಟ್ಟಿಲಿಗೆ ಸಮ. ಪ್ರೈಮರ್ ಅದನ್ನು ಮುಚ್ಚುತ್ತದೆಂದು ನಂಬಬೇಡಿ. ಮಿಸ್ಟರ್ ಸರ್ಫೇಸರ್ 1000 ಎಂಬ ತಗ್ಗು ತುಂಬುವ ಪ್ರೈಮರನ್ನು ತುಸು ದಪ್ಪವಾಗಿ ಎಳೆದು, ಪೂರ್ತಿ ಒಣಗಿದ ಮೇಲೆ 800ರ ಉಜ್ಜುಕಾಗದವನ್ನು ಗಟ್ಟಿಯಾದ ಚಪ್ಪಟೆ ತುಂಡಿಗೆ ಸುತ್ತಿ ನೀರಿನಲ್ಲಿ ಉಜ್ಜಿ. ಬೆರಳಿನಿಂದಲೇ ಉಜ್ಜಿದರೆ ತಗ್ಗೂ ಉಬ್ಬೂ ಒಟ್ಟಿಗೆ ಸವೆಯುತ್ತವೆ, ಮೆಟ್ಟಿಲು ಹಾಗೆಯೇ ಉಳಿಯುತ್ತದೆ. ಬಾಗಿದ ಜಾಗಗಳಿಗೆ ಮಾತ್ರ ಸ್ಪಂಜಿನ ಉಜ್ಜುಪಟ್ಟಿ ಬಳಸಿ. ಗಮನವಿರಲಿ, ರೆಸಿನ್ನಿನ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ನೀರಿನಲ್ಲಿ ಉಜ್ಜುವುದಕ್ಕೆ ಅದೂ ಒಂದು ಕಾರಣ.

ಇನ್ನು ಚಕ್ರದ ವಿಷಯ. ಸಣ್ಣಗಾಲಿ ಅವರೇ, ವರ್ನಿಯರ್ ಅಳತೆಗೋಲು ಇದ್ದರೆ ಮುಂದಿನ ಮತ್ತು ಹಿಂದಿನ ಚಕ್ರದ ಕೇಂದ್ರಗಳ ನಡುವಿನ ದೂರವನ್ನೂ ಬಂಪರಿನಿಂದ ಬಂಪರಿಗೆ ಉದ್ದವನ್ನೂ ಅಳೆದು ತಿಳಿಸುವಿರಾ?

ಸಣ್ಣಗಾಲಿ

ಅಳೆದೆ. ಮಡ್‌ಗಾರ್ಡ್ ಕಮಾನುಗಳ ಕೇಂದ್ರದಿಂದ ಕೇಂದ್ರಕ್ಕೆ 98.5 ಮಿ.ಮೀ., ಬಂಪರುಗಳನ್ನು ಸೇರಿಸಿ ಒಟ್ಟು ಉದ್ದ 173 ಮಿ.ಮೀ. ಇದೆ. ಗ್ರಿಲ್ಲಿನ ಒಂದೊಂದು ಸರಳೂ 0.8 ಮಿ.ಮೀ. ದಪ್ಪವಿದೆ. ಹೆಡ್‌ಲೈಟಿನ ಕುಳಿ 7.1 ಮಿ.ಮೀ.

ಪಾಲಿಶ್‌ಕಾಗದ

ಹಳೇಗ್ಯಾರೇಜು ಅವರ ಕಣ್ಣಿಗೆ ನಮಸ್ಕಾರ. ಅಂಬಾಸಡರಿನ ವೀಲ್‌ಬೇಸ್ (ಚಕ್ರ ಕೇಂದ್ರಗಳ ನಡುವಿನ ದೂರ) 2464 ಮಿ.ಮೀ., ಉದ್ದ 4325 ಮಿ.ಮೀ. ಇವನ್ನು 24ರಿಂದ ಭಾಗಿಸಿದರೆ 102.7 ಮತ್ತು 180.2 ಬರಬೇಕು. 25ರಿಂದ ಭಾಗಿಸಿದರೆ 98.6 ಮತ್ತು 173 ಬರುತ್ತದೆ. ಏಳು ಇಂಚಿನ ಹೆಡ್‌ಲೈಟ್ ಎಂದರೆ 178 ಮಿ.ಮೀ., ಅದನ್ನೂ 25ರಿಂದ ಭಾಗಿಸಿದರೆ ನಿಮ್ಮ 7.1 ಸಿಗುತ್ತದೆ. ಮೂರು ಅಳತೆಗಳೂ ಒಂದೇ ಮಾತು ಹೇಳುತ್ತಿವೆ: ನಿಮ್ಮ ಬಾಡಿ 1/25, ಚಕ್ರಗಳು 1/24. ಮುದ್ರಣದಲ್ಲಿ ರೆಸಿನ್ ಕುಗ್ಗಿ ಹೀಗಾಯಿತೆಂದು ಹೇಳಲು ನಾಲ್ಕು ಪ್ರತಿಶತ ಬಹಳ ದೊಡ್ಡದು, ಕಡತವನ್ನೇ 1/25ಕ್ಕೆ ಸಿದ್ಧಪಡಿಸಿರಬೇಕು.

ಈ ಕಾರಿನ ಟೈರಿನ ಹೊರವ್ಯಾಸ ಸುಮಾರು 660 ಮಿ.ಮೀ. ಎಂದಿಟ್ಟುಕೊಳ್ಳೋಣ. 1/24ರಲ್ಲಿ ಅದು 27.5, 1/25ರಲ್ಲಿ 26.4. ಆ 1.1 ಮಿ.ಮೀ. ವ್ಯತ್ಯಾಸವನ್ನು ನಿಮ್ಮ ಬಾಡಿಯ ಪ್ರಮಾಣದಲ್ಲಿ ಹಿಗ್ಗಿಸಿದರೆ, ನಿಜವಾದ ಅಂಬಾಸಡರಿಗೆ ಒಂದು ಇಂಚಿಗಿಂತ ಹೆಚ್ಚು ದೊಡ್ಡ ಟೈರು ಹಾಕಿದಂತೆ. ಕಮಾನಿನೊಳಗೆ ಬಿಗಿಯಾಗಿ ಕಂಡದ್ದೂ ಕಾರು ಎತ್ತರಿಸಿದಂತೆ ಕಂಡದ್ದೂ ಅದರಿಂದಲೇ.

ಡೆಟ್ರಾಯ್ಟ್‌ಕನ್ನಡಿಗ

ಇದರಲ್ಲಿ ಕಳವಳಪಡುವಂಥದ್ದೇನೂ ಇಲ್ಲ. ಇಲ್ಲಿ ಅಮೆರಿಕದಲ್ಲಿ 1/25 ಎಂಬುದೇ ಮುಖ್ಯ ಪ್ರಮಾಣ. ಕಾರು ಕಂಪನಿಗಳು ತಮ್ಮ ಮಾರಾಟಗಾರರಿಗೆ ಕೊಡುತ್ತಿದ್ದ ಪ್ರಚಾರದ ಪುಟ್ಟ ಕಾರುಗಳನ್ನು ಎಎಂಟಿಯಂಥ ಕಂಪನಿಗಳು 1/25ರಲ್ಲಿ ಅಚ್ಚು ಹಾಕುತ್ತಿದ್ದವು. 1958ರಿಂದ ಎಎಂಟಿ ಅದೇ ಪ್ರಮಾಣದಲ್ಲಿ ಪ್ರತಿವರ್ಷದ ಹೊಸ ಕಾರುಗಳ ಕಿಟ್ಟುಗಳನ್ನು ಮಾರತೊಡಗಿದ ಮೇಲೆ ಅದೇ ರೂಢಿಯಾಯಿತು. 1/24 ಎಂಬುದು ಒಂದು ಅಡಿಗೆ ಅರ್ಧ ಇಂಚು ಎಂಬ ಲೆಕ್ಕ. ಈ ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟರೂ ಹೆಚ್ಚಿನವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಂದೇ ಕಾರಿನೊಳಗೆ ಬೆರೆಸಿದಾಗ ಮಾತ್ರ ಗೊತ್ತಾಗುತ್ತದೆ.

ಹಾಗಾಗಿ ಬಾಡಿಯನ್ನು ಮತ್ತೆ ಮುದ್ರಿಸುವ ಬದಲು ಇದನ್ನು 1/25 ಎಂದು ಕರೆದುಬಿಡಿ, ಚಕ್ರಗಳನ್ನು ಬದಲಿಸಿ. ಅಮೆರಿಕದ 1950ರ ದಶಕದ ಕಾರುಗಳ ಕಿಟ್ಟುಗಳಲ್ಲಿ 15 ಇಂಚಿನ ಉಕ್ಕಿನ ರಿಮ್‌ಗಳು ಧಾರಾಳವಾಗಿ ಸಿಗುತ್ತವೆ. ಆದರೆ ಅವುಗಳ ಟೈರು ಅಂಬಾಸಡರಿನದಕ್ಕಿಂತ ಅಗಲವಾಗಿರುತ್ತದೆ, ಹಿಂಬದಿಯನ್ನು ಸವೆಸಿ ಕಿರಿದು ಮಾಡಿಕೊಳ್ಳಬೇಕಾದೀತು. ಒಳಗೆ ಕೂರಿಸಲು ಚಾಲಕನ ಬೊಂಬೆಯನ್ನೋ ಸ್ಟಿಯರಿಂಗ್ ಚಕ್ರವನ್ನೋ ಕೊಳ್ಳುವುದಿದ್ದರೆ ಅದನ್ನೂ 1/25ರಲ್ಲೇ ಕೊಳ್ಳಿ.

ಮೊಳೆಲೆಕ್ಕ

ಆಟಿಕೆ ಎಂಬ ಮಾತನ್ನು ಬಿಡೋಣ. ಆದರೆ ಒಂದು ವಿಷಯ ದಾಖಲಾಗಲಿ. ಬರೀ ಹೊಗಳಿಕೆ ಇರುವ ಗುಂಪಿನಲ್ಲಿ ಯಾರ ಕೈಯೂ ಪಳಗುವುದಿಲ್ಲ. ತಮಿಯಾ ಕಂಪನಿಯು 1976ರಲ್ಲಿ 1/12ರ ಪೋರ್ಷೆ 934 ಹೊರತರುವ ಮುನ್ನ, ಶುನ್ಸಾಕು ತಮಿಯಾ ಅವರು ನಿಜವಾದ ಪೋರ್ಷೆ 911 ಕಾರೊಂದನ್ನೇ ಕೊಂಡು ಬಿಚ್ಚಿಸಿ ನೋಡಿದರು. ನಿಖರತೆಯ ಹುಚ್ಚು ಹಿಡಿದವರೇ ಈ ಹವ್ಯಾಸವನ್ನು ಇಲ್ಲಿಯತನಕ ತಂದಿದ್ದಾರೆ. ನಂಬರ್ ಪ್ಲೇಟಿನಲ್ಲಿ ಕಾಲದ ತಪ್ಪಿದ್ದರೆ ಅದನ್ನು ಹೇಳುವುದು ಒರಟುತನವಲ್ಲ.

ಪಾಲಿಶ್‌ಕಾಗದ

ಹೇಳುವುದು ಒರಟುತನವೆಂದು ನಾನೂ ಹೇಳಿಲ್ಲ. ಆದರೆ ನಿಖರತೆ ಒಂದು, ಕೆಲಸಗಾರಿಕೆ ಇನ್ನೊಂದು, ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ, ಪ್ಲಾಸ್ಟಿಕ್ ಮಾದರಿ ಕಟ್ಟುವವರ ಐಪಿಎಂಎಸ್ ಸಂಘಕ್ಕೆ ಈಗ ಹಲವು ದೇಶಗಳಲ್ಲಿ ಶಾಖೆಗಳಿವೆ. ಅದರ ಅಮೆರಿಕ ಶಾಖೆಯ ಸ್ಪರ್ಧೆಗಳಲ್ಲಿ ತೀರ್ಪುಗಾರರು ಮೊದಲು ನೋಡುವುದು ಅಂಟಿನ ಕಲೆ ಇದೆಯೇ, ಜೋಡಣೆಯ ಗೆರೆ ಉಳಿದಿದೆಯೇ, ನಾಲ್ಕು ಚಕ್ರಗಳೂ ನೆಲ ಮುಟ್ಟುತ್ತವೆಯೇ, ಎಡಬಲ ಸಮನಾಗಿದೆಯೇ ಎಂಬ ಮೂಲ ಸಂಗತಿಗಳನ್ನು. ಕಾರಣವೂ ಸ್ಪಷ್ಟ: ಯಾವ ವರ್ಷದ ಕಾರಿಗೆ ಯಾವ ಗ್ರಿಲ್ ಇತ್ತೆಂಬುದು ಪ್ರತಿಯೊಬ್ಬ ತೀರ್ಪುಗಾರನಿಗೂ ಗೊತ್ತಿರಲು ಸಾಧ್ಯವಿಲ್ಲ, ಓರೆಯಾಗಿ ನಿಂತ ಚಕ್ರ ಎಲ್ಲರಿಗೂ ಕಾಣುತ್ತದೆ.

ಇಲ್ಲಿ ಕಟ್ಟುತ್ತಿರುವವರು ತಾವೇ ವರ್ಷವನ್ನೂ ಸ್ಥಳವನ್ನೂ ಹೇಳಿರುವುದರಿಂದ ನಂಬರ್ ಪ್ಲೇಟಿನ ಟೀಕೆ ನ್ಯಾಯವಾದದ್ದೇ. ಅವರು ವರ್ಷ ಹೇಳದೆ ‘ಅಜ್ಜನ ಊರಿಗೆ ಬರುತ್ತಿದ್ದ ಕಾರು’ ಎಂದಷ್ಟೇ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ. ಯಾರು ಏನನ್ನು ಕಟ್ಟಲು ಹೊರಟಿದ್ದಾರೋ ಅದಕ್ಕೆ ತಕ್ಕಂತೆ ಅಳೆಯಬೇಕು. ತಿದ್ದುವ ದಾರಿಯನ್ನೂ ಜೊತೆಗೇ ಕೊಡಬಹುದಿತ್ತು: ಕೆಎ ಉಳಿಸಿಕೊಳ್ಳಬೇಕಿದ್ದರೆ ಕಾರಿನ ಕಾಲವನ್ನು 1990ಕ್ಕೆ ತಂದರೆ ಸಾಕು, ಮಾರ್ಕ್ 4 ಆಗಿನ್ನೂ ರಸ್ತೆಯಲ್ಲಿ ಹೊಸ ಕಾರೇ, 1984 ಉಳಿಸಿಕೊಳ್ಳಬೇಕಿದ್ದರೆ ಹಳೆಯ ಸಿಎ ಸರಣಿಯ ಪ್ಲೇಟು ಬರೆದುಕೊಂಡರೆ ಆಯಿತು. ಆ ಕಾಲದ ಪ್ಲೇಟುಗಳನ್ನು ಬಣ್ಣದವರು ಕೈಯಲ್ಲೇ ಬರೆಯುತ್ತಿದ್ದರಾದ್ದರಿಂದ, ಗಣಕದ ಅಚ್ಚುಕಟ್ಟು ಅಕ್ಷರಕ್ಕಿಂತ ತುಸು ಏರುಪೇರಾದ ಅಕ್ಷರವೇ ಹೆಚ್ಚು ಒಪ್ಪುತ್ತದೆ.

ಮೊಳೆಲೆಕ್ಕ

ಒಪ್ಪಿದೆ. ಗ್ರಿಲ್ಲಿಗೂ ದಾರಿ ಹೇಳುತ್ತೇನೆ. 0.8 ಮಿ.ಮೀ. ಎಂದರೆ 1/25ರಲ್ಲಿ 20 ಮಿ.ಮೀ. ದಪ್ಪದ ಸರಳು, ಅಂಥದ್ದು ಯಾವ ಅಂಬಾಸಡರಿಗೂ ಇರಲಿಲ್ಲ. ಗ್ರಿಲ್ಲನ್ನು ಬಾಡಿಯೊಂದಿಗೆ ಒಂದೇ ತುಂಡಾಗಿ ಮುದ್ರಿಸಿದ್ದಾರೆ, ದಪ್ಪಕ್ಕೆ ಕಾರಣ ಅದೇ. ಚೌಕಟ್ಟನ್ನು ಮುಟ್ಟದೆ ಒಳಗಿನ ಸರಳುಗಳನ್ನಷ್ಟೇ ಸಣ್ಣ ಡ್ರಿಲ್ಲಿನಿಂದ ತೂತು ಮಾಡುತ್ತಾ ಕತ್ತರಿಸಿ ತೆಗೆಯಿರಿ. ಬಳಿಕ 0.25 ಮಿ.ಮೀ. ದಪ್ಪದ ಸ್ಟೈರೀನ್ ಹಾಳೆಯಿಂದ ಪಟ್ಟಿ ಕತ್ತರಿಸಿ ಹೊಸದಾಗಿ ಹೆಣೆಯಿರಿ. ಪಟ್ಟಿ ಪಟ್ಟಿಗೆ ಕೂಡುವಲ್ಲಿ ಸ್ಟೈರೀನಿನ ತೆಳು ಸಿಮೆಂಟ್ ನಡೆಯುತ್ತದೆ, ರೆಸಿನ್ ಚೌಕಟ್ಟಿಗೆ ಅದು ಹಿಡಿಯುವುದಿಲ್ಲ. ಆ ಸಿಮೆಂಟ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ರೆಸಿನ್ ಅದಕ್ಕೆ ಕರಗದು. ಅಲ್ಲಿಗೆ ಸೂಪರ್ ಗ್ಲೂ ಅಥವಾ ಇಪಾಕ್ಸಿ ಬೇಕು.

ಜೇಸಿರಸ್ತೆ

ನಾನು ಬಣ್ಣದ ಮನುಷ್ಯ, ಬಣ್ಣದ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಚಿತ್ರದಲ್ಲಿ ಬಾಗಿಲಿನ ಸಂದುಗಳು ತೆಳ್ಳಗಿವೆ, ನೋಡಲು ಚೆನ್ನಾಗಿವೆ, ಆದರೆ ಆಳ ಸಾಲದು. ನಿಜವಾದ ಕಾರಿನಲ್ಲಿ ಬಾಗಿಲಿನ ಸಂದು 5 ಮಿ.ಮೀ. ಎಂದಿಟ್ಟುಕೊಂಡರೆ ಇಲ್ಲಿ ಅದು 0.2 ಮಿ.ಮೀ. ಪ್ರೈಮರ್, ಬಿಳಿ, ಕ್ಲಿಯರ್ ಎಲ್ಲ ಸೇರಿ ಒಂದೊಂದು ಅಂಚಿನ ಮೇಲೂ 0.05 ಮಿ.ಮೀ. ಕುಳಿತರೆ ಸಂದಿನ ಅರ್ಧ ಮಾಯವಾಗುತ್ತದೆ. ಉಳಿದರ್ಧದ ತಳದಲ್ಲಿ ಕ್ಲಿಯರ್ ತುಂಬಿಕೊಂಡು ಬಾಗಿಲು ಬಾಡಿಗೆ ಬೆಸೆದಂತೆ ಕಾಣುತ್ತದೆ. ಆದ್ದರಿಂದ ಚಾವಣಿಯನ್ನು ಉಜ್ಜಿದ ಮೇಲೆ, ಗೀರುವ ಉಪಕರಣದಿಂದ ಬಾಗಿಲು, ಬಾನೆಟ್, ಡಿಕ್ಕಿಗಳ ಗೆರೆಗಳನ್ನೆಲ್ಲ ಒಂದು ಸುತ್ತು ಆಳ ಮಾಡಿ. ರೆಸಿನ್ ಸ್ಟೈರೀನಿನಂತೆ ಎಳೆಯಾಗಿ ಬರುವುದಿಲ್ಲ, ಪುಡಿಯಾಗಿ ಬರುತ್ತದೆ, ಅಂಚು ಸಿಡಿಯುವ ಭಯವಿದೆ; ಹಗುರವಾಗಿ ಹಲವು ಸಲ ಎಳೆಯಿರಿ.

ಬಿಳಿ ಎಂಬುದು ಬಣ್ಣಗಳಲ್ಲಿ ಮಹಾ ಮೋಸಗಾರ. ಮರೆಮಾಚುವ ಶಕ್ತಿ ಕಡಿಮೆ, ಬೂದು ಪ್ರೈಮರ್ ಮೇಲೆ ನೇರವಾಗಿ ಹೊಡೆದರೆ ಅಂಚುಗಳಲ್ಲಿ ಬೂದು ಇಣುಕುತ್ತದೆ. ಅದನ್ನು ಮುಚ್ಚಲು ಹೊಡೆದಷ್ಟೂ ದಪ್ಪವಾಗಿ ಸಂದುಗಳು ತುಂಬುತ್ತವೆ. ಬೂದು ಪ್ರೈಮರ್‌ನಲ್ಲಿ ದೋಷಗಳನ್ನೆಲ್ಲ ಹುಡುಕಿ ತಿದ್ದಿ, ಅದರ ಮೇಲೆ ಬಿಳಿ ಪ್ರೈಮರಿನ ತೆಳು ಪದರ ಕೊಟ್ಟು, ಆಮೇಲೆ ಬಣ್ಣ ಹೊಡೆಯಿರಿ. ಯಾವ ಬಿಳಿ ಎಂಬ ಪ್ರಶ್ನೆಗೆ ನನ್ನ ಮತ ತಮಿಯಾದ ಟಿಎಸ್-7 ರೇಸಿಂಗ್ ವೈಟ್ ಸ್ಪ್ರೇ ಕಡೆಗೆ. ಟಿಎಸ್-26 ಪ್ಯೂರ್ ವೈಟ್ ತೀರಾ ನೀಲಿ ಹಾಕಿ ಒಗೆದಂತಿರುತ್ತದೆ, ಬಿಸಿಲಿನಲ್ಲಿ ನಿಂತ ಸರ್ಕಾರಿ ಕಾರಿಗೆ ಕೆನೆಯ ಛಾಯೆಯೇ ಚೆಂದ. ಗಾಳಿಯೊತ್ತಡದಲ್ಲಿ ಬಣ್ಣ ಊದುವ ಏರ್‌ಬ್ರಷ್ ಇರುವವರಿಗೆ ಅದೇ ಛಾಯೆ ಎಲ್‌ಪಿ-39 ಎಂಬ ಬಾಟಲಿಯಲ್ಲೂ ಸಿಗುತ್ತದೆ.

ಕೊನೆಗೆ ಸಂದುಗಳಿಗೆ ಕಪ್ಪು ದ್ರವ ಹರಿಸುವ ಆಸೆಯಾಗುತ್ತದೆ. ಬಿಳಿ ಕಾರಿನ ಮೇಲೆ ಕಪ್ಪು ಗೆರೆ ಪೆನ್ನಿನಲ್ಲಿ ಬರೆದ ಚಿತ್ರದಂತೆ ಕಾಣುತ್ತದೆ, ನಡುಬೂದು ಸಾಕು. ಬಾನೆಟ್ಟಿನ ಸುತ್ತ ಮಾತ್ರ ಒಂದು ಛಾಯೆ ಗಾಢವಾಗಿದ್ದರೆ ಒಳಗೆ ಎಂಜಿನ್ನಿನ ಕತ್ತಲಿದೆಯೆಂಬ ಭಾವನೆ ಬರುತ್ತದೆ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ನಿಜ ಕಾರಿನ ಎರಡು ಭಾಗದ ಕ್ಲಿಯರ್ ತಂದು ಹೊಡೆಯುವ ಯೋಚನೆ ಯಾರಿಗಾದರೂ ಇದ್ದರೆ ಒಂದು ಎಚ್ಚರಿಕೆ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ, ಒಮ್ಮೆ ದೇಹ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಉಸಿರಾಟದ ತೊಂದರೆ ಜೀವನಪೂರ್ತಿ ಉಳಿಯಬಹುದು. ಮನೆಯ ಬಾಲ್ಕನಿಯಲ್ಲಿ, ಬಟ್ಟೆಯ ಮುಖಗವಸಿನಲ್ಲಿ ಮಾಡುವ ಕೆಲಸ ಅದಲ್ಲ.

ಕರಾವಳಿಕುಂಚ

ಉಡುಪಿ, ಮಂಗಳೂರು ಕಡೆಯವರಿಗೆ ಮತ್ತು ಮಲೆನಾಡಿನವರಿಗೆ ಒಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಲ್ಯಾಕರ್ (ಬೇಗ ಒಣಗುವ ದ್ರಾವಕದ ಬಣ್ಣ) ಹೊಡೆದರೆ ಮೇಲ್ಮೈ ಹೊಗೆ ಹಿಡಿದಂತೆ ಮಂಕಾಗುತ್ತದೆ. ದ್ರಾವಕ ಬೇಗ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯಲ್ಲಿರುವ ತೇವ ಅಲ್ಲೇ ಇಬ್ಬನಿಯಾಗಿ ಕೂರುವುದು ಇದಕ್ಕೆ ಕಾರಣ. ಬಿಳಿಯಲ್ಲಿ ಇದು ತಕ್ಷಣ ಕಾಣುವುದಿಲ್ಲ, ಹೊಳಪು ಏಕೆ ಸತ್ತಿತೆಂದು ಮರುದಿನ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಏರ್‌ಬ್ರಷ್ ಬಳಸುವವರು ನಿಧಾನವಾಗಿ ಒಣಗುವ ಥಿನ್ನರ್ ಬೆರೆಸಬೇಕು, ಮಿಸ್ಟರ್ ಕಲರಿನ ಲೆವೆಲಿಂಗ್ ಥಿನ್ನರ್ ಅಂಥದ್ದು. ಮಂಕಾದ ಜಾಗದ ಮೇಲೆ ಅದನ್ನೇ ತೆಳುವಾಗಿ ಊದಿದರೆ ಹಲವು ಸಲ ಹೊಳಪು ಮರಳುತ್ತದೆ. ಸ್ಪ್ರೇ ಡಬ್ಬಿ ಬಳಸುವವರಿಗೆ ಈ ಸೌಕರ್ಯವಿಲ್ಲ, ಬಿಸಿಲು ಬಿದ್ದ ದಿನಕ್ಕಾಗಿ ಕಾಯಬೇಕು.

ರೆಸಿನ್ ಬಾಡಿಯ ಬಗ್ಗೆಯೂ ಕೇಳಬೇಕು. ಮುದ್ರಣದ ನಂತರ ಅದನ್ನು ಆಲ್ಕೊಹಾಲಿನಲ್ಲಿ ಚೆನ್ನಾಗಿ ತೊಳೆದು, ಅತಿನೇರಳೆ ಬೆಳಕಿನಲ್ಲಿ ಒಳಭಾಗವನ್ನೂ ಪೂರ್ತಿ ಗಟ್ಟಿ ಮಾಡಿದ್ದಾರೆಯೇ? ಒಳಗೆ ಮುಟ್ಟಿದಾಗ ಜಿಗುಟೆನಿಸಿದರೆ ಬಣ್ಣ ಹಾಕಬೇಡಿ, ಗಟ್ಟಿಯಾಗದ ರೆಸಿನ್ ನಿಧಾನವಾಗಿ ಹೊರಗೆ ಒಸರಿ ಮೇಲಿನ ಪದರವನ್ನು ಹಾಳುಮಾಡುತ್ತದೆ.

ಚಿತ್ರಕಣ್ಣು

ಚಿತ್ರಗಳ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ನಾನು ಹೇಳುತ್ತೇನೆ; ಇಲ್ಲಿ ನಾವೆಲ್ಲ ಟೀಕಿಸುತ್ತಿರುವುದು ಮಾದರಿಯನ್ನಲ್ಲ, ಅದರ ಚಿತ್ರವನ್ನು. ಮುಂಭಾಗದ ಚಿತ್ರವನ್ನು ಫೋನನ್ನು ಬಹಳ ಹತ್ತಿರ ಹಿಡಿದು ತೆಗೆದಂತಿದೆ. ಹಾಗೆ ತೆಗೆದಾಗ ಮೂಗು ಊದಿಕೊಂಡು ಹಿಂಭಾಗ ಕುಗ್ಗುತ್ತದೆ, ಆಗ ಯಾರಾದರೂ ಬಾನೆಟ್ ದೊಡ್ಡದಾಯಿತೆಂದು ನಿಮ್ಮನ್ನು ಅನ್ಯಾಯವಾಗಿ ದೂರುತ್ತಾರೆ. ಎರಡು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ. ಕ್ಯಾಮೆರಾದ ಎತ್ತರಕ್ಕೂ ಲೆಕ್ಕವಿದೆ: ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1600 ಮಿ.ಮೀ. ಮೇಲಿದ್ದರೆ, 1/25ರಲ್ಲಿ ಅದು 64 ಮಿ.ಮೀ. ಅಂಬಾಸಡರಿನ ಎತ್ತರ 1593 ಮಿ.ಮೀ. ಆದ್ದರಿಂದ ನಿಮ್ಮ ಮಸೂರ ಚಾವಣಿಯ ಮಟ್ಟದಲ್ಲಿದ್ದರೆ ರಸ್ತೆಯಲ್ಲಿ ನಿಂತು ಕಂಡ ಕಾರು ಸಿಗುತ್ತದೆ. ಮೇಲಿನಿಂದ ಕೆಳಕ್ಕೆ ತೆಗೆದ ಚಿತ್ರ ಎಷ್ಟೇ ಸ್ಪಷ್ಟವಾಗಿದ್ದರೂ ಮೇಜಿನ ಮೇಲಿನ ವಸ್ತುವನ್ನೇ ತೋರಿಸುತ್ತದೆ.

ಇದರ ಮೇಲಿನ ಹಂತವನ್ನು ನೋಡಬಯಸುವವರು ಅಮೆರಿಕದ ಮೈಕಲ್ ಪಾಲ್ ಸ್ಮಿತ್ ಅವರ ಎಲ್ಗಿನ್ ಪಾರ್ಕ್ ಚಿತ್ರಗಳನ್ನು ಹುಡುಕಬಹುದು. 1/24ರ ಕಾರುಗಳನ್ನು ನಿಜವಾದ ಬೀದಿಯ ಮುಂದೆ ಮೇಜಿನ ಮೇಲಿಟ್ಟು, ಹಿನ್ನೆಲೆಯ ಮನೆ ಮರಗಳು ಕಾರಿನ ಪ್ರಮಾಣಕ್ಕೆ ಹೊಂದುವಷ್ಟು ದೂರದಲ್ಲಿರುವಂತೆ ಸಾಧಾರಣ ಕ್ಯಾಮೆರಾದಲ್ಲೇ ಅವರು ತೆಗೆದ ಚಿತ್ರಗಳಲ್ಲಿ, ಯಾವುದು ಮಾದರಿ ಯಾವುದು ಊರು ಎಂದು ಹೇಳುವುದು ಕಷ್ಟ.

ಟೀಕೆ ಕೇಳುವಾಗ ಮಾತ್ರ ಅಂಥ ಚಂದದ ಚಿತ್ರ ಹಾಕಬೇಡಿ. ಒಂದು ಬದಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ತೆಗೆದ ಚಿತ್ರ ಹಾಕಿ. ಚಾವಣಿಯ ಮೆಟ್ಟಿಲುಗಳು ಮೊಳೆಲೆಕ್ಕ ಅವರಿಗೆ ಕಂಡದ್ದು ನಿಮ್ಮ ಮೂರನೆಯ ಚಿತ್ರದಲ್ಲಿ ಆಕಸ್ಮಿಕವಾಗಿ ಅಂಥ ಬೆಳಕು ಬಿದ್ದದ್ದರಿಂದ.

ಸಣ್ಣಗಾಲಿ

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಸಲಹೆಗಳು ಬಂದ ಮೇಲೆ ಯಾವುದನ್ನು ತೆಗೆದುಕೊಳ್ಳುತ್ತೇನೆ, ಯಾವುದನ್ನು ಬಿಡುತ್ತೇನೆ ಎಂದು ಹೇಳದೆ ಸುಮ್ಮನಾಗುವುದು ಸರಿಯಲ್ಲ.

ಬಾಡಿಯನ್ನು 1/25 ಎಂದೇ ಒಪ್ಪಿಕೊಂಡಿದ್ದೇನೆ, ಈ ಚರ್ಚೆಯ ಶೀರ್ಷಿಕೆಯನ್ನು ಹಾಗೇ ಬಿಡುತ್ತೇನೆ. ಮುಂದೆ ಓದುವವರಿಗೆ ಅಳತೆ ಮಾಡಿ ನೋಡುವ ಪ್ರಸಂಗ ಅದರಿಂದಲೇ ಅರ್ಥವಾಗುತ್ತದೆ. ಚಕ್ರಗಳನ್ನು ಬದಲಿಸುತ್ತೇನೆ. ಚಾವಣಿಯನ್ನು ಪಾಲಿಶ್‌ಕಾಗದ ಅವರು ಹೇಳಿದಂತೆ ಚಪ್ಪಟೆ ತುಂಡಿನಿಂದ ಉಜ್ಜಲು ಆರಂಭಿಸಿದ್ದೇನೆ, ಸರ್ಫೇಸರ್ ತಗ್ಗುಗಳಲ್ಲಿ ಉಳಿದು ಉಬ್ಬುಗಳಲ್ಲಿ ಸವೆಯುವುದರಿಂದ ಎಲ್ಲಿ ಇನ್ನೂ ಕೆಲಸವಿದೆಯೆಂದು ಬಣ್ಣದ ವ್ಯತ್ಯಾಸವೇ ತೋರಿಸುತ್ತಿದೆ. ಒಳಭಾಗ ಜಿಗುಟಾಗಿಲ್ಲ, ಆದರೂ ಮತ್ತೊಮ್ಮೆ ತೊಳೆದು ಬಿಸಿಲಿಗಿಟ್ಟಿದ್ದೇನೆ. ಗ್ರಿಲ್ಲನ್ನು ಕತ್ತರಿಸಿ ಹೊಸದಾಗಿ ಹೆಣೆಯುವ ಧೈರ್ಯ ಬಂದಿದೆ.

ವರ್ಷವನ್ನು 1984 ಎಂದೇ ಉಳಿಸಿಕೊಂಡು ಪ್ಲೇಟನ್ನು ಸಿಎ ಸರಣಿಗೆ ಬದಲಿಸುತ್ತೇನೆ. ಬಣ್ಣದ ವಿಷಯದಲ್ಲಿ ಜೇಸಿರಸ್ತೆ ಅವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕೆನೆ ಛಾಯೆ ಹಳೆಯ ಕಾರಿಗೆ ಸರಿ. ನಾನು ತೋರಿಸಬೇಕೆಂದಿರುವುದು ಬೆಳಿಗ್ಗೆ ಒರೆಸಿ ಸಾಹೇಬರಿಗಾಗಿ ಕಾಯುತ್ತಿರುವ, ಇನ್ನೂ ಹೊಸದಾದ ಕಾರು. ಎರಡು ಛಾಯೆಗಳನ್ನೂ ಪ್ಲಾಸ್ಟಿಕ್ ಚಮಚಗಳ ಮೇಲೆ ಹೊಡೆದು, ಹಗಲು ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ ನಿರ್ಧರಿಸುತ್ತೇನೆ. ಎರಡು ಭಾಗದ ಕ್ಲಿಯರ್ ಬೇಡ, ತಮಿಯಾದ ಟಿಎಸ್-13 ಕ್ಲಿಯರ್ ಸ್ಪ್ರೇ ಸಾಕು.

ಜೇಸಿರಸ್ತೆ

ಚಮಚದ ಪರೀಕ್ಷೆಗೆ ನನ್ನ ಆಕ್ಷೇಪವಿಲ್ಲ, ನಿಮ್ಮ ಕಾರು, ನಿಮ್ಮ ಬಿಳಿ. ಚಮಚಕ್ಕೂ ಬಿಳಿ ಪ್ರೈಮರ್ ಹಾಕಲು ಮರೆಯಬೇಡಿ, ಇಲ್ಲದಿದ್ದರೆ ಹೋಲಿಕೆ ನಿಲ್ಲುವುದಿಲ್ಲ. ಟಿಎಸ್-13 ಡೆಕಾಲ್‌ಗಳ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚುಪಟ್ಟಿಗಳ) ಮೇಲೆ ಒದ್ದೆಯಾಗಿ ಬಿದ್ದರೆ ಅವನ್ನು ಸುಕ್ಕುಗಟ್ಟಿಸುತ್ತದೆ. ಮೊದಲೆರಡು ಪದರಗಳನ್ನು ದೂರದಿಂದ ಮಂಜಿನಂತೆ ಕೊಟ್ಟು, ಒಣಗಿದ ಮೇಲೆ ಒದ್ದೆ ಪದರಕ್ಕೆ ಹೋಗಿ. ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಬೇರ್ ಮೆಟಲ್ ಫಾಯಿಲ್ ಎಂಬ ಅಂಟಿರುವ ತೆಳು ಲೋಹದ ಹಾಳೆಯನ್ನು ಕ್ಲಿಯರ್ ಆದ ನಂತರವೇ ಅಂಟಿಸಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ.

ಹೊಸಕೈ

ಪಾಲಿಶ್‌ಕಾಗದ ಅವರ ಮಾತಿನಂತೆ ಈ ಸಲ ಹೆಸರಿಸಿ ಹೇಳುತ್ತೇನೆ. ಹಿಂದಿನ ಕಿಟಕಿಯ ಗಾಜಿನ ಚೌಕಟ್ಟು ಸುತ್ತಲೂ ಒಂದೇ ಅಗಲವಾಗಿ ಬಂದಿರುವುದು ನನಗೆ ತುಂಬಾ ಇಷ್ಟವಾಯಿತು, ನಾನು ಪ್ರಯತ್ನಿಸುತ್ತಿರುವ ಕಾರಿನಲ್ಲಿ ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಂದು ಪ್ರಶ್ನೆಯೂ ಇದೆ. ಪರದೆ ಮತ್ತು ಟವೆಲನ್ನು ಯಾವುದರಿಂದ ಮಾಡುತ್ತೀರಿ? ಬಟ್ಟೆಯನ್ನೇ ಕತ್ತರಿಸಿ ಹಾಕಿದರೆ ಈ ಪ್ರಮಾಣದಲ್ಲಿ ನೇಯ್ಗೆ ಗೋಣಿಚೀಲದಂತೆ ದಪ್ಪವಾಗಿ ಕಾಣುವುದಿಲ್ಲವೇ?

ಪಾಲಿಶ್‌ಕಾಗದ

ಖಂಡಿತ ಹಾಗೆಯೇ ಕಾಣುತ್ತದೆ, ಬಟ್ಟೆ ಬೇಡ. ಪದರ ಬಿಡಿಸಿದ ಟಿಶ್ಯೂ ಕಾಗದವನ್ನು ಪರದೆಯ ಎತ್ತರಕ್ಕೆ ಕತ್ತರಿಸಿ, ನೀರು ಬೆರೆಸಿದ ಬಿಳಿ ಫೆವಿಕಾಲಿನಲ್ಲಿ ಅದ್ದಿ, ಸಾಲಾಗಿ ಜೋಡಿಸಿದ ಸಣ್ಣ ತಂತಿಗಳ ಮೇಲೆ ಹಾಸಿ ಒಣಗಲು ಬಿಟ್ಟರೆ ಮಡಿಕೆಗಳು ನಿಲ್ಲುತ್ತವೆ. ಟವೆಲಿಗೂ ಅದೇ ಕಾಗದ ಸಾಕು, ಆದರೆ ಒದ್ದೆಯಿರುವಾಗಲೇ ಸೀಟಿನ ಬೆನ್ನಿಗೆ ಒತ್ತಿ ಕೂರಿಸಬೇಕು. ಒಣಗಿದ ಮೇಲೆ ಮ್ಯಾಟ್ ಬಿಳಿಯ ತೆಳು ಪದರ ಕೊಡಿ, ಹೊಳಪಿನ ಬಿಳಿ ಬೇಡ. ಪರದೆಯನ್ನು ಗಾಜಿಗೆ ಸೂಪರ್ ಗ್ಲೂ ಹಾಕಿ ಅಂಟಿಸಲು ಹೋಗಬೇಡಿ, ಅದರ ಆವಿಗೆ ಗಾಜು ಬೆಳ್ಳಗೆ ಮಂಕಾಗುತ್ತದೆ. ಅಲ್ಲಿಗೂ ಫೆವಿಕಾಲೇ ಸರಿ. ನಿಮ್ಮ ಕಾರಿನ ಕಿಟಕಿಯ ಚೌಕಟ್ಟಿನ ಚಿತ್ರವನ್ನು ಬೇರೆ ಚರ್ಚೆಯಾಗಿ ಹಾಕಿ, ಯಾವ ಟೇಪು ಬಳಸಿದಿರಿ ಮತ್ತು ಬಣ್ಣ ಎಷ್ಟು ಹೊತ್ತು ಒಣಗಿದ ಮೇಲೆ ತೆಗೆದಿರಿ ಎಂಬುದನ್ನೂ ಬರೆಯಿರಿ, ಅಲ್ಲಿ ನೋಡೋಣ.